ತಂತಿಯಿಲ್ಲದ ಕರೆಗಂಟೆ

ನಮ್ಮವರಿಗೆ ಸಿಟ್ಟು ಬರಲು ಕಾರಣ ಬೇಕಿಲ್ಲ, ಗಡಿಯಾರ ಸಾಕು. ಮಧ್ಯಾಹ್ನ ಒಂದು ಹೊಡೆದರೆ ಮಲಗುತ್ತಾರೆ, ನಾಲ್ಕು ಹೊಡೆದರೆ ಏಳುತ್ತಾರೆ. ನಡುವಿನ ಮೂರು ಗಂಟೆ ಪುಣೆಯ ನಾರಾಯಣ ಪೇಠದಲ್ಲಿ ಯಾರಾದರೂ ಕೆಮ್ಮಿದರೂ ಅದು ನನ್ನ ಗಂಡ ಶ್ರೀ ಯಶವಂತ ಮೋರೇಶ್ವರ ಲೇಲೆಯವರ ವಿರುದ್ಧ ನಡೆದ ಸಂಚು. ನೀರಾವರಿ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಹೆಡ್ ಕ್ಲಾರ್ಕ್ ಆಗಿದ್ದಾಗಲೂ ಈ ನಿಯಮ ತಪ್ಪಿರಲಿಲ್ಲವಂತೆ. ಅಲ್ಲಿ ಕುರ್ಚಿ, ಇಲ್ಲಿ ಮಂಚ, ಅಷ್ಟೇ ವ್ಯತ್ಯಾಸ.

ಆ ವರ್ಷ ನನಗೆ ಒಂದು ಪಾಸ್‌ಪೋರ್ಟ್ ಬೇಕಾಗಿತ್ತು. ಮಸ್ಕತ್‌ನಲ್ಲಿರುವ ಮಗಳು ಸಾನಿಕಾಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು ಎಂದು ನಾನು ಬಾಣಂತಿಯ ಉಂಡೆಗೆಂದು ಅಂಟು, ಕೊಬ್ಬರಿ ಎಲ್ಲ ತಂದಿಟ್ಟುಕೊಂಡಿದ್ದೆ. ಅಷ್ಟರಲ್ಲಿ ಅಲ್ಲಿನ ಡಾಕ್ಟರು ವಿಮಾನ ಹತ್ತಲೇಬಾರದು ಎಂದುಬಿಟ್ಟರು. ಮಗಳು ಬರುವಂತಿಲ್ಲ ಎಂದರೆ ತಾಯಿ ಹೋಗಬೇಕು. ಪಂಢರಪುರದಿಂದ ಆಚೆ ಕಾಲಿಡದ ನಾನು ಅರ್ಜಿ ಹಾಕಿದೆ. ನಮ್ಮವರೂ ಹಾಕಿದರು.

"ನೀನೊಬ್ಬಳೇ ಹೋದ್ರೆ ಕಳೆದುಹೋಗ್ತೀಯ," ಎಂದರು. ಹಿಂದಿನ ವರ್ಷ ಸಾತಾರಾ ಬಸ್ ನಿಲ್ದಾಣದಲ್ಲಿ ನೀರಿನ ಬಾಟಲಿ ತರಲು ಇಳಿದು ಕೊಲ್ಹಾಪುರದ ಬಸ್ಸು ಹತ್ತಿದವರು ಅವರೇ.

ಎಲ್ಲ ಕಾಗದ ಸರಿಯಾಗಿ, ಉಳಿದದ್ದು ಪೊಲೀಸರು ಮನೆಗೆ ಬಂದು ಮಾಡುವ ವಿಚಾರಣೆ ಒಂದೇ. ಪಾಸ್‌ಪೋರ್ಟ್ ಕಚೇರಿಯ ಗುಮಾಸ್ತೆ ನನಗೆ ಬಿಡಿಸಿ ಹೇಳಿದ್ದಳು: "ಕಾಕೂ, ಅವರು ಯಾವ ದಿನ, ಯಾವ ಹೊತ್ತಿಗೆ ಬರ್ತಾರೋ ಗೊತ್ತಿಲ್ಲ. ಬಂದು ಬೆಲ್ ಮಾಡ್ತಾರೆ. ಯಾರೂ ತೆಗೀಲಿಲ್ಲ ಅಂದ್ರೆ ಮನೇಲಿ ಇರಲಿಲ್ಲ ಅಂತ ಬರೆದು ಹೋಗಿಬಿಡ್ತಾರೆ. ಫೈಲು ಮತ್ತೆ ತಿರುಗಿ ಬರೋಕೆ ಎರಡು ತಿಂಗಳಾದ್ರೂ ಬೇಕು."

ಹೆರಿಗೆಗೆ ಉಳಿದದ್ದು ಏಳು ವಾರ. ನನ್ನ ಬಾಣಂತನವೆಲ್ಲ ಒಂದು ಕರೆಗಂಟೆಯ ಮೇಲೆ ನಿಂತಿತ್ತು. ನಮ್ಮ ಕರೆಗಂಟೆಯೋ, ಶ್ರಾವಣದಲ್ಲೇ ಸತ್ತುಹೋಗಿತ್ತು.

ಇಲೆಕ್ಟ್ರಿಷಿಯನ್ ದಗಡೂ ಬಂದ. ಗುಂಡಿ ಬಿಚ್ಚಿದ, ಮೂಸಿದ, ಗೋಡೆಗೆ ಬೆರಳಿನಿಂದ ಬಡಿದ.

"ಕಾಕಾ, ಗೋಡೆ ಒಳಗೆ ವೈರ್ ಕೊಳೆತುಹೋಗಿದೆ. ಇಲ್ಲಿಂದ ಅಲ್ಲೀವರೆಗೂ ಕೊರೀಬೇಕು."

"ನನ್ನ ಗೋಡೆ ಕೊರೀತೀಯಾ? ಈ ಗೋಡೆ ಕಟ್ಟಿದಾಗ ನಿಮ್ಮಪ್ಪ ಹುಟ್ಟಿರಲಿಲ್ಲ ಕಣೋ."

"ಅದಕ್ಕೇ ಕೊಳೆತಿದೆ ಕಾಕಾ."

ದಗಡೂವನ್ನು ಬಾಗಿಲಾಚೆ ಕಳಿಸಿ ನಮ್ಮವರು ಚಪ್ಪಲಿ ಮೆಟ್ಟಿ ಜೋಗಳೇಕರನ ಇಲೆಕ್ಟ್ರಿಕ್ ಅಂಗಡಿಗೆ ನಡೆದರು. ಬರುವಾಗ ಕೈಯಲ್ಲಿ ಸಣ್ಣದೊಂದು ಡಬ್ಬಿ, ಮುಖದಲ್ಲಿ ಅಣೆಕಟ್ಟು ಉದ್ಘಾಟಿಸಿದ ಮಂತ್ರಿಯ ಕಳೆ. ತಂತಿಯಿಲ್ಲದ ಕರೆಗಂಟೆ. ಬಾಗಿಲ ಚೌಕಟ್ಟಿಗೆ ಅಂಟಿಸಲು ಒಂದು ಬಿಳಿ ಗುಂಡಿ, ಹಾಲ್‌ನ ಪ್ಲಗ್ಗಿಗೆ ಸಿಕ್ಕಿಸಲು ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಮೂವತ್ತಾರು ರಾಗ. ಜೊತೆಗೆ ಎರಡು ಪುಟದ ಸೂಚನಾಪತ್ರ. ಅದನ್ನು ನಮ್ಮವರು ಓದದೆ ಮಡಚಿ, ಅಲ್ಲಾಡುತ್ತಿದ್ದ ಊಟದ ಮೇಜಿನ ಕಾಲಿನಡಿ ಇಟ್ಟರು. ಸರ್ಕಾರಿ ನೌಕರಿಯಲ್ಲಿದ್ದವರು ಸೂಚನೆ ಬರೆಯುತ್ತಾರೆ, ಓದುವುದಿಲ್ಲ.

ಮೂರು ದಿನ ರಾಗ ಆರಿಸಿ, ಕೊಳಲಿನಂಥದ್ದೊಂದನ್ನು ಗೊತ್ತುಮಾಡಿದರು. ನಾಲ್ಕನೇ ದಿನ ಬಾಗಿಲ ಮೇಲೆ ಅವರ ಕೈಬರಹದ ಪಾಟಿ, ಅಂದರೆ ಸೂಚನಾಫಲಕ, ಏರಿತು. ಪುಣೆಯಲ್ಲಿ ಮಾತಾಡಿ ಮುಗಿಸಬಹುದಾದದ್ದನ್ನು ಯಾರೂ ಮಾತಾಡಿ ಮುಗಿಸುವುದಿಲ್ಲ, ಪಾಟಿ ಬರೆದು ತೂಗುಹಾಕುತ್ತಾರೆ.

"ಈ ಗಂಟೆಗೆ ತಂತಿ ಇಲ್ಲ. ಹುಡುಕಬೇಡಿ. ಒಮ್ಮೆ ಮಾತ್ರ ಒತ್ತಿರಿ, ಒಳಗಿನವರು ಕಿವುಡರಲ್ಲ. ಒಂದರಿಂದ ನಾಲ್ಕರವರೆಗೆ ಒತ್ತಲೇಬೇಡಿ. ಒಳಗಿನವರು ಸತ್ತಿಲ್ಲ, ಮಲಗಿದ್ದಾರೆ. — ಯ. ಮೋ. ಲೇಲೆ."

ನಾನು ಕಣ್ಣೀರು ಹಾಕಿದ ಮೇಲೆ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿತು: "ಪೊಲೀಸರಿಗೆ ಮೇಲಿನ ನಿಯಮ ಅನ್ವಯಿಸುವುದಿಲ್ಲ."

ಒಂದು ವಾರ ಎಲ್ಲ ನೆಟ್ಟಗೆ ನಡೆಯಿತು. ಆಮೇಲೆ ಸೋಮವಾರ, ನಾಸಿಕದಲ್ಲಿ ಮುಂಜಿ ಮುಗಿಸಿಕೊಂಡು ನಮ್ಮ ಕೆಳಗಿನ ಮನೆಯ ಅಭ್ಯಂಕರರು ವಾಪಸು ಬಂದರು.

ಅಂದು ಮಧ್ಯಾಹ್ನ ಒಂದೂ ನಲವತ್ತಕ್ಕೆ ಕೊಳಲು ಊದಿತು. ಪೊಲೀಸರೇ ಎಂದು ನಮ್ಮವರು ಲುಂಗಿ ಕೈಯಲ್ಲಿ ಹಿಡಿದು ಓಡಿ ಬಾಗಿಲು ತೆಗೆದರು. ಯಾರೂ ಇಲ್ಲ. ಮಲಗಿದರು. ಎರಡೂ ಐದಕ್ಕೆ ಮತ್ತೆ. ಯಾರೂ ಇಲ್ಲ. ಎರಡೂವರೆಗೆ ಮತ್ತೆ. ಮೆಟ್ಟಿಲ ಬಳಿ ನಿಂತು, ಇಡೀ ಪೇಠಕ್ಕೆ ಕೇಳುವಂತೆ, ಗಂಟೆ ಒತ್ತಿ ಓಡಿದವನ ವಂಶವನ್ನು ಮೂರು ತಲೆಮಾರು ಹಿಂದಕ್ಕೆ ವಿಚಾರಿಸಿದರು.

ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಕೆಳಗಿನದೆಲ್ಲ ನೋಡಿದ್ದೆ. "ಅಹೋ, ಅಭ್ಯಂಕರರ ಬಾಗಿಲಿಗೆ ಕೊರಿಯರ್‌ನವನು ಬಂದಿದ್ದ. ಅವರದ್ದೂ ಇಂಥದ್ದೇ ಬಿಳಿ ಗುಂಡಿ. ಅವನು ಅಲ್ಲಿ ಒತ್ತಿದಾಗಲೇ ನಮ್ಮದು ಊದಿತು."

"ಅಲ್ಲಿ ಒತ್ತಿದ್ರೆ ಇಲ್ಲಿ ಊದೋಕೆ ಮಧ್ಯೆ ತಂತಿ ಬೇಡವಾ?"

"ನಮ್ಮ ಗುಂಡಿಗೂ ಪೆಟ್ಟಿಗೆಗೂ ಮಧ್ಯೆ ತಂತಿ ಇಲ್ಲವಲ್ಲ."

ಎಂಜಿನಿಯರ್ ಸಾಹೇಬರ ಮುಂದೆ ಬಾಯಿ ಹಾಕಿದ ಜವಾನನನ್ನು ನೋಡುವಂತೆ ನೋಡಿದರು. "ನಿನಗಿದು ತಿಳಿಯೋಲ್ಲ. ಒಗ್ಗರಣೆ ಸೀದುಹೋಗ್ತಿದೆ ನೋಡು."

ಒಲೆಯ ಮೇಲೆ ಒಗ್ಗರಣೆಯೇ ಇರಲಿಲ್ಲ.

ಇತ್ತ ಹೀಗೆ, ಅತ್ತ ಅಭ್ಯಂಕರರ ಮನೆಯಲ್ಲೂ ಹಾಗೇ. ಅವರೂ ಅದೇ ಜೋಗಳೇಕರನಿಂದ ಅದೇ ಗಂಟೆಯನ್ನು ತಿಂಗಳ ಮೊದಲೇ ತಂದಿದ್ದರು. ಅವರದು ಹಕ್ಕಿಯ ಚಿಲಿಪಿಲಿ. ಬೆಳಿಗ್ಗೆ ಆರಕ್ಕೆ ಹಾಲಿನವನು ನಮ್ಮ ಗುಂಡಿ ಒತ್ತಿದರೆ ಕೆಳಗೆ ಹಕ್ಕಿ ಕೂಗುತ್ತಿತ್ತು. ಬ್ಯಾಂಕಿನಲ್ಲಿ ಮ್ಯಾನೇಜರ್ ಆಗಿ ನಿವೃತ್ತರಾದ, ರಕ್ತದೊತ್ತಡದ ಅಭ್ಯಂಕರರು ಹಾಸಿಗೆ ಬಿಟ್ಟು ಓಡಿಬಂದು ಬಾಗಿಲು ತೆಗೆದರೆ ಯಾರೂ ಇಲ್ಲ. ತಲೆಯೆತ್ತಿ ನೋಡಿದರೆ, ಮೇಲಿನ ಕಂಬಿಯ ಸಂದಿಯಲ್ಲಿ, ಹಾಲು ತೆಗೆದುಕೊಳ್ಳಲು ಬಂದು ಮಧ್ಯಾಹ್ನದ ಕಳ್ಳನಿಗಾಗಿ ಬಗ್ಗಿ ನೋಡುತ್ತ ನಿಂತ ನಮ್ಮವರ ಮುಖ. ಇನ್ನೇನು ಸಾಕ್ಷಿ ಬೇಕು.

ಬುಧವಾರ ಮೆಟ್ಟಿಲ ತಿರುವಿನಲ್ಲಿ ಅಭ್ಯಂಕರರ ಪಾಟಿ ಕಂಡಿತು: "ನೆರೆಯವರ ಗಂಟೆ ಒತ್ತಿ ಓಡಿಹೋಗುವ ವಯಸ್ಸು ಹನ್ನೆರಡಕ್ಕೆ ಮುಗಿಯುತ್ತದೆ ಎಂದು ತಿಳಿದಿದ್ದೆವು. ಕೆಲವರಿಗೆ ಪಿಂಚಣಿ ಬಂದ ಮೇಲೂ ಮುಗಿದಿಲ್ಲ."

ಗುರುವಾರ ಪಕ್ಕದಲ್ಲೇ ನಮ್ಮವರದ್ದು: "ಬ್ಯಾಂಕಿನಲ್ಲಿ ಮೂವತ್ತು ವರ್ಷ ಕೂತೇ ಇದ್ದವರು ಈಗ ಓಡುವುದನ್ನು ಕಲಿತಿರುವುದು ಆರೋಗ್ಯಕ್ಕೆ ಒಳ್ಳೆಯದು. ಆದರೆ ನಮ್ಮ ಮಹಡಿಯಲ್ಲಿ ಬೇಡ."

ಶುಕ್ರವಾರ ಅವರದ್ದು ದೊಡ್ಡ ಹಾಳೆ. ಶನಿವಾರ ನಮ್ಮವರದ್ದು ಇನ್ನೂ ದೊಡ್ಡದು. ಮೂರನೇ ಮಹಡಿಯ ಕೀರ್ತನೆ ಮನೆತನದ ಆಜಿ, ಎಂಬತ್ತರ ಮುದುಕಿ, ಓದಲಿಕ್ಕೆಂದೇ ದಿನಕ್ಕೆರಡು ಸಲ ಇಳಿದು ಹತ್ತತೊಡಗಿದರು. ಅವರ ಮೊಣಕಾಲು ನೋವು ವಾರದಲ್ಲಿ ವಾಸಿಯಾಯಿತು. "ಯಶವಂತಾ, ನಿನ್ನದು ಸ್ವಲ್ಪ ಸಪ್ಪೆ," ಎಂದು ನಿಂತು ತೀರ್ಪನ್ನೂ ಕೊಡುತ್ತಿದ್ದರು. "ಅಭ್ಯಂಕರ ಖಾರವಾಗಿ ಬರೀತಾನೆ. ನೀನೂ ಏನಾದ್ರೂ ಮಾಡಪ್ಪ."

ಸಾತಾರಾದಿಂದ ನಮ್ಮವರ ಅಕ್ಕ ಇಂದುಮತಿ ಫೋನ್ ಮಾಡಿದರು. "ಯಾರೂ ಇಲ್ಲದೆ ಗಂಟೆ ಹೊಡ್ಕೊಳ್ತಿದೆ ಅಂದ್ರೆ ಅದು ನಮ್ಮ ಮಾವನೇ. ಹೋದ ವರ್ಷ ನಮ್ಮನೇಲಿ ಅವರ ಶ್ರಾದ್ಧಕ್ಕೆ ಬಡಿಸೋಕೆ ನಿಂತಾಗ ಅವರ ಎಲೆಗೆ ಕೆಸುವಿನೆಲೆ ವಡೆ ಹಾಕಲಿಲ್ಲ ನೀನು, ವೃಂದಾ."

ನಿಮ್ಮ ಮಾವ ನಮ್ಮ ಮನೆಗೆ ಯಾಕೆ ಬರ್ತಾರೆ, ನಿಮ್ಮ ಮನೆಗೇ ಬರಬೇಕಲ್ಲ, ಎಂದು ಕೇಳಬೇಕೆನಿಸಿತು. ಮುಂದಿನ ಸಲ ವಡೆ ಹಾಕ್ತೀನಿ ಎಂದೆ.

ತರಕಾರಿ ಗಾಡಿಯ ಬಳಿ ನನಗೆ ಶುಭದಾ ವಹಿನಿ ಸಿಕ್ಕರು, ಅಭ್ಯಂಕರರ ಹೆಂಡತಿ. ಇಪ್ಪತ್ತಾರು ವರ್ಷದ ಸ್ನೇಹ ನಮ್ಮದು. ಗವಾರಿಕಾಯಿ ಆರಿಸುತ್ತ ಇಬ್ಬರೂ ಲೆಕ್ಕ ಕೂಡಿಸಿದೆವು. ಅವರ ಪೇಪರಿನವನು ಬಂದ ಹೊತ್ತು, ನಮ್ಮ ಹಾಲಿನವನು ಬಂದ ಹೊತ್ತು, ಹಕ್ಕಿ ಕೂಗಿದ್ದು, ಕೊಳಲು ಊದಿದ್ದು. ಅರ್ಧ ಕಿಲೋ ಗವಾರಿ ತೂಗುವಷ್ಟರಲ್ಲಿ ಎಲ್ಲ ಸ್ಪಷ್ಟವಾಯಿತು.

"ನಾನು ಇವರಿಗೆ ಹೇಳಿದೆ ವೃಂದಾ ವಹಿನಿ," ಎಂದರು ಶುಭದಾ. "ಲೇಲೆ ಹೆಂಡತಿ ನಿನ್ನ ತಲೆ ಕೆಡಿಸಿದ್ದಾಳೆ ಅಂದ್ರು."

"ನಮ್ಮವರು ಅಭ್ಯಂಕರನ ಹೆಂಡತಿ ಅಂದ್ರು."

ಮನೆಗೆ ಬಂದು ಮತ್ತೆ ಹೇಳಿದೆ. ಅದು ಮೂರನೇ ಸಲ. ನಮ್ಮವರು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಿದ್ದೆಗೆಟ್ಟು ಕಣ್ಣು ದಾಸವಾಳವಾಗಿತ್ತು. ಹಳೆಯ ಪಾಟಿ ಕಿತ್ತು ಹೊಸದನ್ನು ಬರೆಯುತ್ತಿದ್ದರು. "ಒಂದರಿಂದ ನಾಲ್ಕರೊಳಗೆ ಈ ಗುಂಡಿ ಒತ್ತುವವನು ಕತ್ತೆ." ಅಷ್ಟೇ. ಪೊಲೀಸರ ಸಾಲು ಹಳೆಯ ಹಾಳೆಯೊಂದಿಗೆ ಕಸದ ಬುಟ್ಟಿಗೆ ಹೋಗಿತ್ತು.

"ಅಹೋ, ಪೊಲೀಸರು?"

"ಪೊಲೀಸರು ಪಾಟಿ ಓದೋದಿಲ್ಲ."

"ಓದಿದ್ರೆ?"

"ಓದಿದ್ರೆ ಒತ್ತೋದಿಲ್ಲ. ಬುದ್ಧಿವಂತರು ಅಂತಾಯ್ತು."

"ಒತ್ತದೇ ಹೋದ್ರೆ ನನ್ನ ಮಗಳ ಗತಿ ಏನು?"

ನಮ್ಮವರು ಹೊಸ ಪಾಟಿಯನ್ನು ಬಾಗಿಲಿಗೆ ಅಂಟಿಸಿದರು. ಬಾಗಿಲ ಹಿಂದೆ ಸ್ಟೂಲು ಹಾಕಿಕೊಂಡು, ಒಂದರಿಂದ ನಾಲ್ಕರವರೆಗೆ, ಚಿಲಕಕ್ಕೆ ಕೈಯಿಟ್ಟು ಕಾವಲು ಕೂರುವುದೆಂದು ತೀರ್ಮಾನವಾಗಿತ್ತು. ನಾನು ಒಳಗೆ ಹೋಗಿ ಅಂಟು ಹುರಿದೆ. ಹುರಿದದ್ದನ್ನು ಕುಟ್ಟಿದೆ. ಅಷ್ಟು ನುಣ್ಣಗೆ ಕುಟ್ಟಬೇಕಾಗಿರಲಿಲ್ಲ.

ಹೆರಿಗೆಗೆ ನಾಲ್ಕು ವಾರ ಉಳಿದಿರುವಾಗ, ಒಂದು ಗುರುವಾರ, ಎರಡೂ ಹತ್ತಕ್ಕೆ ಕೊಳಲು ಊದಿತು.

ನಮ್ಮವರು ಒಂದೇ ಏಟಿಗೆ ಚಿಲಕ ಎಳೆದು, ಆಚೆ ಕೈ ಚಾಚಿ, ಸಿಕ್ಕ ಮುಂಗೈಯನ್ನು ಗಟ್ಟಿಯಾಗಿ ಹಿಡಿದು ಒಳಗೆಳೆದರು. "ಸಿಕ್ಕಿದೆಯಾ ಕತ್ತೆ. ಹತ್ತು ದಿನದಿಂದ ಕಾಯ್ತಿದ್ದೆ."

ಮುಂಗೈಯ ಹಿಂದೆ ಖಾಕಿ ತೋಳು ಬಂತು. ಅದರ ಹಿಂದೆ ಪೂರ್ತಿ ಹವಾಲ್ದಾರರು.

ಅದೇ ಗಳಿಗೆಗೆ ಕೆಳಗಿನಿಂದ ಮೆಟ್ಟಿಲು ದಡದಡ ಎಂದಿತು. ಅಭ್ಯಂಕರರು ಛತ್ರಿ ಎತ್ತಿ ಹಿಡಿದು ಬಂದರು. "ಇವತ್ತು ಬಿಡೋಲ್ಲ ಲೇಲೆ. ಈಗಷ್ಟೇ ನಮ್ಮ ಗಂಟೆ ಒತ್ತಿ ಓಡಿಬಂದು..." ಮುಂದಿನ ಮಾತು ಖಾಕಿಯನ್ನು ಕಂಡು ನಿಂತಿತು. ಛತ್ರಿ ನಿಧಾನವಾಗಿ ಇಳಿಯಿತು.

"ಕಾಕಾ, ಕೈ ಬಿಡಿ," ಎಂದರು ಹವಾಲ್ದಾರರು. ದಪ್ಪ ಮೀಸೆ, ತಾಳ್ಮೆಯ ದನಿ. "ನಾನು ಶೇಳ್ಕೆ. ಪಾಸ್‌ಪೋರ್ಟ್ ವಿಚಾರಣೆ. ಲೇಲೆ ಅಂದ್ರೆ ನೀವೇ ತಾನೆ?"

ನಮ್ಮವರು ತಾವು ಲೇಲೆಯೋ ಅಲ್ಲವೋ ಎಂದು ಒಂದು ಕ್ಷಣ ಯೋಚಿಸಿದಂತಿತ್ತು. ಶೇಳ್ಕೆಯವರು ಮುಂಗೈ ಉಜ್ಜಿಕೊಳ್ಳುತ್ತ ಬಾಗಿಲ ಮೇಲಿನ ಪಾಟಿಯನ್ನು ಕೊನೆಯವರೆಗೂ ಓದಿದರು. ಆಮೇಲೆ ತಮ್ಮ ಕೈಗಡಿಯಾರ ನೋಡಿದರು.

"ಇದು ನನಗೇ ಬರೆದದ್ದಾ?"

"ಅಲ್ಲ ಅಲ್ಲ, ಇವರಿಗೆ," ಎಂದು ನಮ್ಮವರು ಅಭ್ಯಂಕರರತ್ತ ಬೆರಳು ಮಾಡಿದರು.

ನಾನು ಶೇಳ್ಕೆಯವರನ್ನು ಕೂರಿಸಿದೆ. ಚಹಾ ತಂದೆ, ಚಕ್ಕುಲಿ ತಂದೆ. ಶೇಳ್ಕೆಯವರು ಎರಡು ಫಾರ್ಮು ಬಿಚ್ಚಿದರು. ಮೇಲೆ ನಮ್ಮವರದ್ದು, ಕೆಳಗೆ ನನ್ನದು.

"ಒಬ್ಬೊಬ್ಬರಿಗೂ ನೆರೆಹೊರೆಯ ಇಬ್ಬರು ಸಾಕ್ಷಿ ಹೇಳಬೇಕು. ಈ ಛತ್ರಿ ಕಾಕಾ ಯಾರು? ಕೆಳಗಿನವರಾ? ಒಳ್ಳೇದಾಯ್ತು, ಕೂತ್ಕೊಳ್ಳಿ. ಲೇಲೆಯವರನ್ನ ಎಷ್ಟು ವರ್ಷದಿಂದ ಬಲ್ಲಿರಿ?"

ಅಭ್ಯಂಕರರು ಕೂರಲಿಲ್ಲ. "ಇಪ್ಪತ್ತಾರು ವರ್ಷದಿಂದ ಬಲ್ಲೆ ಅಂದ್ಕೊಂಡಿದ್ದೆ. ನಿಜವಾಗಿ ತಿಳಿದದ್ದು ಈ ಹತ್ತು ದಿನದಲ್ಲಿ."

"ನಡತೆ ಹೇಗೆ?"

"ನಡೆಯೋದೆಲ್ಲಿ ಬಂತು, ಓಡ್ತಾರೆ. ಬರಕೊಳ್ಳಿ."

"ಯಾರೋ ಓಡೋದು?" ಎಂದು ನಮ್ಮವರು ಎದ್ದರು. "ಸಾಹೇಬ್ರೆ, ಈ ಮನುಷ್ಯ ಮಧ್ಯಾಹ್ನ ಎರಡಕ್ಕೆ..."

"ಬೆಳಿಗ್ಗೆ ಆರಕ್ಕೆ ಯಾರು?"

"ಕಾಕಾ, ಒಬ್ಬೊಬ್ಬರಾಗಿ," ಎಂದರು ಶೇಳ್ಕೆ. "ಇವರ ಮೇಲೆ ಯಾವುದಾದ್ರೂ ಅಪರಾಧ?"

"ಇದೆ," ಎಂದರು ಅಭ್ಯಂಕರರು.

"ಏನದು?"

"ಗಂಟೆ."

ಶೇಳ್ಕೆಯವರು ಫಾರ್ಮನ್ನು ತಿರುವಿ ನೋಡಿದರು. "ಗಂಟೆಗೆ ಇದರಲ್ಲಿ ಜಾಗ ಇಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ನೋಡಿ ಕಾಕಾ, ಇಲ್ಲಿ ಜಗಳ ಇದೆ ಅಂದ್ರೆ ನಾನು ಹಾಗೇ ವರದಿ ಬರೀಬೇಕಾಗುತ್ತೆ. ಎರಡೂ ಫಾರ್ಮು ಒಂದೇ ಮನೇದು. ಎರಡನ್ನೂ ತಡೆಹಿಡೀತಾರೆ."

"ಸಾಹೇಬ್ರೆ, ನನ್ನ ಮಗಳಿಗೆ ದಿನ ಹತ್ತಿರ ಬಂದಿದೆ," ಎಂದೆ. ಯಾರೂ ಕೇಳಲಿಲ್ಲ. ಇಬ್ಬರು ಗಂಡಸರು ಕೊರಳ ನರ ಉಬ್ಬಿಸಿಕೊಂಡು ಒಬ್ಬರ ಮುಖದ ಮೇಲೊಬ್ಬರು ಕೂಗುತ್ತಿದ್ದರು. ಮೇಲಿನಿಂದ ಕೀರ್ತನೆ ಆಜಿ ಇಳಿದುಬಂದು ಹೊಸ್ತಿಲಲ್ಲೇ ಕುರ್ಚಿ ಎಳೆದುಕೊಂಡು ಕೂತಿದ್ದರು.

ಆಗ ಕೊಳಲು ಊದಿತು.

ಬಾಗಿಲು ತೆರೆದೇ ಇತ್ತು. ಬಿಳಿ ಗುಂಡಿ ಎಲ್ಲರ ಕಣ್ಣೆದುರೇ ಇತ್ತು. ಅದರ ಹತ್ತಿರ ಯಾರೂ ಇರಲಿಲ್ಲ. ಕೊಳಲು ನಿಂತಿತು. ಮತ್ತೆ ಊದಿತು. ನಿಂತಿತು. ಮತ್ತೆ ಊದಿತು. ನಮ್ಮವರು ಅಭ್ಯಂಕರರ ಎರಡೂ ಕೈ ನೋಡಿದರು. ಅಭ್ಯಂಕರರು ನಮ್ಮವರ ಎರಡೂ ಕೈ ನೋಡಿದರು.

ಕೆಳಗಿನಿಂದ ಶುಭದಾ ವಹಿನಿಯ ದನಿ ಬಂತು: "ನಮ್ಮ ಬಾಗಿಲಿನ ಗುಂಡಿ ನಾನು ಒತ್ತುತ್ತಾ ಇರೋದು. ಈಗ ಕೇಳಿಸ್ತಾ ಇಬ್ಬರಿಗೂ? ಇನ್ನೊಂದು ಸಲ ಒತ್ತಲಾ?"

"ಓ, ಇದಾ," ಎಂದರು ಶೇಳ್ಕೆ, ಚಕ್ಕುಲಿ ಮುರಿಯುತ್ತ. "ನಮ್ಮ ಪೊಲೀಸ್ ವಸತಿಯಲ್ಲೂ ಹೀಗೇ ಆಗಿತ್ತು. ಒಂದೇ ಅಂಗಡಿಯ ಮಾಲು, ಎರಡಕ್ಕೂ ಒಂದೇ ಸಂಕೇತ. ಪೆಟ್ಟಿಗೆ ಪಕ್ಕದಲ್ಲಿ ಸಣ್ಣ ಗುಂಡಿ ಇದೆ ನೋಡಿ, ಐದು ಸೆಕೆಂಡು ಅದುಮಿ ಹಿಡಿದು, ಬಾಗಿಲಿನದನ್ನ ಒಂದ್ಸಲ ಒತ್ತಿದ್ರೆ ಸಾಕು. ನಿಮ್ಮ ಗುಂಡಿಯ ಸಂಕೇತ ಬದಲಾಗುತ್ತೆ, ನಿಮ್ಮದು ನಿಮಗೆ, ಅವರದ್ದು ಅವರಿಗೆ. ಆ ಕಾಗದದಲ್ಲೇ ಬರೆದಿರುತ್ತೆ."

ಹತ್ತು ದಿನ ಕುದಿದ ಸಿಟ್ಟು ಅಷ್ಟು ಸುಲಭವಾಗಿ ಆರುತ್ತದೆಯೇ. ಎರಡು ಹಂಡೆಯಷ್ಟು ಸಿಟ್ಟು, ಹರಿಯಲು ಜಾಗವಿಲ್ಲದೆ ಹಾಲ್‌ನ ನಡುವೆ ಒಂದು ನಿಮಿಷ ಸುತ್ತಿತು. ಆಮೇಲೆ ದಾರಿ ಕಂಡುಕೊಂಡಿತು.

"ಜೋಗಳೇಕರ," ಎಂದರು ಅಭ್ಯಂಕರರು.

"ಜೋಗಳೇಕರ," ಎಂದರು ನಮ್ಮವರು. "ಹತ್ತು ದಿನದ ನಿದ್ದೆ ನನ್ನದು."

"ನನ್ನ ಬಿಪಿ ನೂರ ಎಪ್ಪತ್ತು."

"ಬಾ. ಅವನನ್ನ ವಿಚಾರಿಸೋಣ."

"ಕಾಕಾ, ವಿಚಾರಣೆಗೆ ಬಂದಿರೋನು ನಾನು," ಎಂದರು ಶೇಳ್ಕೆ. "ನಿಮ್ಮ ಸಹಿ ಆಗಬೇಕು."

"ಐದೇ ನಿಮಿಷ ಸಾಹೇಬ್ರೆ, ಹೀಗೆ ಹೋಗಿ ಹಾಗೆ ಬಂದೆ." ನಮ್ಮವರು ಅಂಗಿಯ ಗುಂಡಿ ಒಂದು ತಪ್ಪಿಸಿ ಹಾಕಿಕೊಂಡರು. ಅಭ್ಯಂಕರರು ಛತ್ರಿ ಮತ್ತೆ ಎತ್ತಿಕೊಂಡರು. ಹೆಗಲಿಗೆ ಹೆಗಲು ಕೊಟ್ಟು ಮೆಟ್ಟಿಲಿಳಿದರು.

ಜೋಗಳೇಕರನ ಅಂಗಡಿಯೂ ನಾಲ್ಕರವರೆಗೆ ಮುಚ್ಚಿರುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ. ಯೋಚಿಸಿ ಮುಚ್ಚಿದೆ. ಹೇಳಿದ್ದು ಕೇಳುವವರಾಗಿದ್ದರೆ ಹತ್ತು ದಿನದ ಹಿಂದೆಯೇ ಕೇಳುತ್ತಿದ್ದರು.

ಶುಭದಾ ಮೇಲೆ ಬಂದರು. ನಾನು ಪೆಟ್ಟಿಗೆಯ ಸಣ್ಣ ಗುಂಡಿಯನ್ನು ಐದು ಸೆಕೆಂಡು ಅದುಮಿ ಹಿಡಿದೆ, ಅವರು ಬಾಗಿಲಿನದನ್ನು ಒತ್ತಿದರು. ಕೆಳಗೆ ಹಕ್ಕಿ ಸುಮ್ಮನಿತ್ತು. ಕೆಲಸ ಮುಗಿಯಿತು.

ಶೇಳ್ಕೆಯವರು ನನ್ನ ಫಾರ್ಮನ್ನು ಮೇಲಕ್ಕೆ ತೆಗೆದರು. "ಲೇಲೆ ಕಾಕೂ ನಡತೆ ಹೇಗೆ?"

"ಇಪ್ಪತ್ತಾರು ವರ್ಷದಲ್ಲಿ ಇವರು ಯಾರ ಮೇಲಾದ್ರೂ ದನಿ ಎತ್ತಿದ್ದು ನಾನು ಕೇಳಿಲ್ಲ," ಎಂದು ಶುಭದಾ ಸಹಿ ಹಾಕಿದರು.

"ಅದೇ ಇವಳ ತಪ್ಪು," ಎಂದರು ಕೀರ್ತನೆ ಆಜಿ. "ಅದನ್ನೂ ಬರಕೋ ಮಗಾ. ಎಲ್ಲಿ, ಪೆನ್ನು ಕೊಡು."

ನಾನೂ ಸಹಿ ಮಾಡಿದೆ. ಶೇಳ್ಕೆಯವರು ಮೊಹರು ಒತ್ತಿದರು. ಆ ಸಣ್ಣ ಶಬ್ದಕ್ಕೆ ನನ್ನ ಕಣ್ಣು ತುಂಬಿತು. ಉಳಿದದ್ದು ಇನ್ನೊಂದು ಫಾರ್ಮು. ಅವರು ಗಡಿಯಾರ ನೋಡಿದರು.

"ಕಾಕಾ ಇನ್ನೂ ಬರಲಿಲ್ಲ. ನನಗೆ ಇನ್ನೊಂದೇ ಮನೆ ಉಳಿದಿರೋದು, ಅವಸರ ಇಲ್ಲ. ಬೇಕಾದ್ರೆ ಕೂತಿರ್ತೀನಿ ಕಾಕೂ. ಇಲ್ಲಾಂದ್ರೆ ಮನೇಲಿ ಇರಲಿಲ್ಲ ಅಂತ ಬರೀಬೇಕಾಗುತ್ತೆ."

ಶುಭದಾ ನನ್ನ ಮುಖ ನೋಡಿದರು. ಆಜಿಯೂ ನೋಡಿದರು. ನಾನು ಖಾಲಿ ಕಪ್ಪುಬಶಿ ಎತ್ತಿಕೊಂಡೆ.

"ಇಲ್ಲವಲ್ಲ ಸಾಹೇಬ್ರೆ ಮನೇಲಿ," ಎಂದೆ. "ಇದ್ದ ಹಾಗೆ ಬರೀರಿ."

ನಾಲ್ಕೂವರೆಗೆ ಇಬ್ಬರೂ ಗೆದ್ದು ಬಂದರು. ಮುಚ್ಚಿದ ಅಂಗಡಿಯ ಎದುರು ಒಂದೂವರೆ ಗಂಟೆ ಬಿಸಿಲಲ್ಲಿ ನಿಂತು, ನಾಲ್ಕಕ್ಕೆ ಬಾಗಿಲೆತ್ತಿದ ಜೋಗಳೇಕರನನ್ನು ಬೀದಿಯೆಲ್ಲ ಸೇರುವಂತೆ ಬೈದಿದ್ದರು. ಅವನು ಸಣ್ಣ ಗುಂಡಿಯ ಗುಟ್ಟು ಹೇಳಿಕೊಟ್ಟಿದ್ದ. ಅದನ್ನು ನನಗೆ ವಿವರಿಸಲು ನಮ್ಮವರು ಪೆಟ್ಟಿಗೆಯತ್ತ ಹೊರಟರು.

"ಅದಾಯ್ತು," ಎಂದೆ.

"ಏನಾಯ್ತು? ಶೇಳ್ಕೆ ಎಲ್ಲಿ?"

"ಹೋದ್ರು. ನನ್ನದು ಮುಗೀತು. ನಿಮ್ಮದಕ್ಕೆ ಮನೇಲಿ ಇರಲಿಲ್ಲ ಅಂತ ಬರಕೊಂಡ್ರು."

"ಇರಲಿಲ್ಲ ಅಂತ? ಮೂರು ವಾರದಿಂದ ಹೊಸ್ತಿಲು ದಾಟದೆ ಕೂತವನು ನಾನು. ಕಾಯಿರಿ ಅಂತ ಒಂದು ಮಾತು ಹೇಳೋಕಾಗಲಿಲ್ವಾ ನಿನಗೆ?"

"ಅವರೇ ಕಾಯ್ತೀನಿ ಅಂದ್ರು. ನಾನೇ ಬೇಡ ಅಂದೆ."

ನಮ್ಮವರು ಬಾಯಿ ತೆರೆದರು. ಹವಾಲ್ದಾರರು ಹೋಗಿಯಾಗಿತ್ತು, ಜೋಗಳೇಕರನನ್ನು ಬೈದು ಮುಗಿದಿತ್ತು, ಅಭ್ಯಂಕರರು ಪಕ್ಕದಲ್ಲೇ ಸ್ನೇಹಿತರಾಗಿ ನಿಂತಿದ್ದರು. ಬೈಯಲು ಉಳಿದವಳು ನಾನೊಬ್ಬಳು.

"ಬೈಯಿರಿ," ಎಂದೆ. ದನಿ ನನ್ನದೇ ಹೌದೋ ಅಲ್ಲವೋ ಎನ್ನುವಷ್ಟು ದೊಡ್ಡದಾಗಿ ಬಂತು. "ಇವತ್ತು ಬೈದು ನೋಡಿ."

ಅಭ್ಯಂಕರರು ತಮ್ಮ ಛತ್ರಿ ತಗೊಂಡು ಸದ್ದಿಲ್ಲದೆ ಕೆಳಗಿಳಿದರು. ನಮ್ಮವರು ಬಾಗಿಲ ಹಿಂದಿನ ಸ್ಟೂಲಿನ ಮೇಲೆ ಕೂತರು.

ನಾನು ಮಸ್ಕತ್‌ಗೆ ಫೋನ್ ಹಚ್ಚಿದೆ. "ಸಾನಿಕಾ, ಬರ್ತಿದ್ದೀನಿ ಕಣೇ."

"ಆಯೀ, ನಿಜವಾ? ಬಾಬಾ?"

"ಇಲ್ಲ. ನಾನೊಬ್ಬಳೇ."

ಆ ಕಡೆಯಿಂದ ಅವಳು ಬಿಟ್ಟ ನೆಮ್ಮದಿಯ ಉಸಿರು ಸ್ಟೂಲಿನವರೆಗೂ ಕೇಳಿಸಿತು.